ತಂಡದ ಪಟ್ಟಿಯ ಕೊನೆಯ ಸಾಲು

ಬೆಂಗಳೂರು ಭಾರತಕ್ಕೆ ಕೊಟ್ಟ ಫುಟ್‌ಬಾಲ್ ಆಟಗಾರರ ಪಟ್ಟಿ ಮಾಡುವುದು ಕಷ್ಟವೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್, 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ ಗೋಲು ಹೊಡೆದ ಅಹ್ಮದ್ ಖಾನ್ ಅವರಂಥವರು ಯಾವ ದಾಖಲೆ ತೆರೆದರೂ ಎದುರಾಗುತ್ತಾರೆ. ನಾನು ಹುಡುಕಿದ್ದು ಇನ್ನೊಂದು ಬಗೆಯವರನ್ನು: ಇಲ್ಲಿಂದ ಹೋಗಿ ದೇಶಕ್ಕೆ ಆಡಿ, ಆಮೇಲೆ ದೇಶದ ತಂಡಕ್ಕೇ ಕೋಚ್ ಆಗಿ ನಿಂತವರು ಯಾರು?

ಸಿಕ್ಕ ಹೆಸರು ಷಣ್ಮುಗಂ ವೆಂಕಟೇಶ್. 1978ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಡ್‌ಫೀಲ್ಡರ್, ಭಾರತ ತಂಡದ ಮಾಜಿ ನಾಯಕ. ಆದರೆ ಈ ಹೆಸರನ್ನು ಹಿಡಿದುಕೊಂಡು ಹೊರಟರೆ ದಾರಿ ಕವಲೊಡೆಯುತ್ತದೆ. ಒಂದು ಪಟ್ಟಿಯಲ್ಲಿ ಎಸ್. ವೆಂಕಟೇಶ್, ಮತ್ತೊಂದರಲ್ಲಿ ವೆಂಕಟೇಶ್ ಷಣ್ಮುಗಂ. ಬರೀ ಷಣ್ಮುಗಂ ಎಂದು ಹುಡುಕಿದರೆ ಬರುವವರು ಹೆಲ್ಸಿಂಕಿ ತಂಡದಲ್ಲಿದ್ದ ಬೆಂಗಳೂರಿನವರೇ ಆದ ಟಿ. ಷಣ್ಮುಗಂ. ವೆಂಕಟೇಶ್ ಆಡಿದ ಮುಂಬೈನ ಮಹೀಂದ್ರ ಯುನೈಟೆಡ್ ಕೂಡ 2010ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಆ ವರ್ಷಗಳಿಗೆ ಹಳೆಯ ಪಂದ್ಯ ವರದಿಗಳೇ ಗತಿ.

ಎಳೆ ಸಿಕ್ಕಿದ್ದು ಇನ್ನೊಬ್ಬರ ಹೆಸರಿನಲ್ಲಿ. ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್ 2002ರಿಂದ 2005ರವರೆಗೆ ಭಾರತದ ಕೋಚ್ ಆಗಿದ್ದರು. ಆಗ ವೆಂಕಟೇಶ್ ಆ ತಂಡದ ಆಟಗಾರ. 2015ರಲ್ಲಿ ಕಾನ್‌ಸ್ಟಂಟೈನ್ ಮರಳಿ ಬಂದರು. 2019ರ ಜನವರಿಯ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿ, ಬಹ್ರೇನ್‌ಗೆ 0-1ರಿಂದ ಸೋತು ಹೊರಬಿದ್ದ ಆ ತಂಡದ ಸಹಾಯಕ ಕೋಚ್ ವೆಂಕಟೇಶ್. ಸೋತ ರಾತ್ರಿಯೇ ಕಾನ್‌ಸ್ಟಂಟೈನ್ ರಾಜೀನಾಮೆ ಕೊಟ್ಟರು. ಕ್ರೊಯೇಷ್ಯಾದ ಇಗೋರ್ ಸ್ಟಿಮಾಚ್ ಬಂದರು. ಸಹಾಯಕನ ಹೆಸರು ಮಾತ್ರ ಬದಲಾಗಲಿಲ್ಲ.

ಸಹಾಯಕ ಕೋಚ್ ಮಾಡಿದ್ದು ಸ್ಕೋರಿನಲ್ಲಿ ಕಾಣುವುದಿಲ್ಲ. ಅವರ ಕೈಗೇ ಒಂದು ತಂಡ ಬಂದಾಗ ದಾಖಲೆ ಬಾಯಿಬಿಡುತ್ತದೆ. 2019-20ರ ಐ-ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಇಂಡಿಯನ್ ಆ್ಯರೋಸ್: ಹುಡುಗರನ್ನು ಪಳಗಿಸಲೆಂದೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡೆಸುತ್ತಿದ್ದ ತಂಡ. ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನ. ಅಷ್ಟನ್ನೇ ಓದಿದವರು ಕೋಚ್ ಸೋತರು ಎಂದು ಬರೆದುಬಿಡಬಹುದು. ವಿದೇಶಿ ಆಟಗಾರರಿಲ್ಲದೆ, ಬಲಿತ ಕ್ಲಬ್‌ಗಳ ಎದುರು ಹದಿಹರೆಯದವರನ್ನು ಆಡಿಸುವ ತಂಡಕ್ಕೆ ಗೆಲುವೇ ಅಳತೆಗೋಲಾಗಿರಲಿಲ್ಲ.

ನಿಜವಾದ ಸಾಕ್ಷ್ಯ ಇರುವುದು ಭುವನೇಶ್ವರದಲ್ಲಿ ನಡೆದ 2022ರ ಸ್ಯಾಫ್ (ದಕ್ಷಿಣ ಏಷ್ಯಾ) 20 ವರ್ಷದೊಳಗಿನವರ ಟೂರ್ನಿಯಲ್ಲಿ. ಅಲ್ಲಿ ಭಾರತದ ಕೋಚ್ ಆಗಿದ್ದ ವೆಂಕಟೇಶ್ ಅವರ ಹುಡುಗರು ಲೀಗ್ ಹಂತದಲ್ಲಿ ಬಾಂಗ್ಲಾದೇಶಕ್ಕೆ 1-2ರಿಂದ ಸೋತರು. ಆಗಸ್ಟ್ 5ರ ಫೈನಲ್‌ನಲ್ಲಿ ಮತ್ತೆ ಅದೇ ಎದುರಾಳಿ. ನಿಗದಿತ ಸಮಯಕ್ಕೆ 2-2. ಹೆಚ್ಚುವರಿ ಅವಧಿಯಲ್ಲಿ ಮೂರು ಗೋಲು, ಕಪ್ ಭಾರತದ್ದು. ಮರುದಿನದ ತಲೆಬರಹ ನಾಲ್ಕು ಗೋಲು ಹೊಡೆದ ಗುರ್‌ಕೀರತ್ ಸಿಂಗ್ ಅವರದು, ಅದು ನ್ಯಾಯವೇ. ಅಕ್ಟೋಬರ್‌ನಲ್ಲಿ ಕುವೈತ್‌ನಲ್ಲಿ ನಡೆದ ಏಷ್ಯಾ ಅರ್ಹತಾ ಸುತ್ತು ಇದೇ ತಂಡದ ಮಿತಿಯನ್ನೂ ತೋರಿಸಿತು: ಇರಾಕ್, ಆಸ್ಟ್ರೇಲಿಯಾ ಎದುರು ಸೋಲು, ಆತಿಥೇಯರ ಮೇಲೆ ಗೆಲುವು.

ಆಟಗಾರನನ್ನು ಒಂದೊಂದು ಪಂದ್ಯದಲ್ಲೂ ಅಳೆಯಬಹುದು. ಕೋಚ್‌ನನ್ನು ಅಳೆಯಲು ಕನಿಷ್ಠ ಎರಡು ಪಂದ್ಯ ಬೇಕು: ಸೋತದ್ದು ಒಂದು, ಅದೇ ಎದುರಾಳಿಯ ಜೊತೆ ಮತ್ತೆ ಆಡಿದ್ದು ಇನ್ನೊಂದು. ಬಾಂಗ್ಲಾದೇಶದೊಂದಿಗಿನ ಆ ಎರಡು ಪಂದ್ಯಗಳ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು. ವೆಂಕಟೇಶ್ ಅವರ ಎರಡನೆಯ ವೃತ್ತಿಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.