ಬೆಂಕಿಗೆ ಎಷ್ಟು ಹೆಸರು?

ಒಲೆಯಲ್ಲಿ ಉರಿಯುವುದೂ ಬೆಂಕಿಯೇ, ಊರನ್ನು ಸುಡುವುದೂ ಬೆಂಕಿಯೇ. ಇಂಗ್ಲಿಷಿನಲ್ಲಿ ಎರಡನೆಯದಕ್ಕೆ ಬೇರೆಯದೇ ಪದವಿದೆ: ‘ಕಾನ್‌ಫ್ಲಗ್ರೇಷನ್’. ಧಗಧಗನೆ ಉರಿಯುವುದು ಎಂಬುದು ಅದರ ಲ್ಯಾಟಿನ್ ಮೂಲದ ಅರ್ಥ. ಆದರೆ ಅಗ್ನಿಶಾಮಕ ಪರಿಣತರು ಇದನ್ನು ಎಲ್ಲ ಬೆಂಕಿಗೂ ಅಂಟಿಸುವುದಿಲ್ಲ. ಗೋಡೆ, ರಸ್ತೆಯಂಥ ತಡೆಗಳನ್ನು ದಾಟಿ ಬೀದಿಯಿಂದ ಬೀದಿಗೆ ಹಬ್ಬಿದರೆ ಮಾತ್ರ ಆ ಹೆಸರು. 1666ರಲ್ಲಿ ಲಂಡನ್ನಿನ ಸುಮಾರು 13 ಸಾವಿರ ಮನೆಗಳನ್ನು ನುಂಗಿದ್ದು ಅಂಥ ಬೆಂಕಿ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಕಾಡ್ಗಿಚ್ಚು. ಸಂಸ್ಕೃತದಿಂದ ಬಂದ ‘ದಾವಾನಲ’ಕ್ಕೂ ಅದೇ ಅರ್ಥ, ದಾವ ಎಂದರೆ ಕಾಡು. ಕಡಲೊಳಗಿನ ಬೆಂಕಿಗೂ ‘ಬಡಬಾನಲ’ ಎಂಬ ಹೆಸರುಂಟು. ಲಂಕಾದಹನದ ಕಥೆ ಮನೆಮಾತಾಗಿದ್ದರೂ ಊರು ಸುಡುವ ಬೆಂಕಿಗೆ ಮಾತ್ರ ಅಂಥದೊಂದು ಪದ ಬಳಕೆಗೆ ಬಂದಂತಿಲ್ಲ. ಜೆ.ಪಿ. ನಗರ, ಬಿಟಿಎಂ ಬಡಾವಣೆಯವರಿಗೆ ಕಾಡ್ಗಿಚ್ಚು ತೀರಾ ದೂರದ ಮಾತೇನಲ್ಲ. ಬನ್ನೇರುಘಟ್ಟ ರಸ್ತೆ ಹಿಡಿದು ಹೋದರೆ ಕಾಡು ಸಿಗುತ್ತದೆ. ಬೇಸಿಗೆಗೆ ಮುನ್ನ ಅರಣ್ಯ ಸಿಬ್ಬಂದಿ ಒಣಹುಲ್ಲು ತೆಗೆದು ‘ಬೆಂಕಿ ರೇಖೆ’ ಮಾಡುವುದು, ಒಂದೆಡೆ ಹತ್ತಿದ ಕಿಚ್ಚು ಇನ್ನೊಂದೆಡೆಗೆ ದಾಟದಿರಲೆಂದು.

ಪತ್ರಿಕೆಗಳು ಬಳಸುವುದು ‘ಅಗ್ನಿ ಅನಾಹುತ’, ‘ಅಗ್ನಿ ದುರಂತ’, ‘ಅಗ್ನಿ ಆಕಸ್ಮಿಕ’. ಈ ಮೂರನೆಯದನ್ನು ಬಳಸುವಾಗ ತುಸು ಯೋಚಿಸಬೇಕು. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ’. ಆ ಪ್ರಶ್ನೆಗೆ ಉತ್ತರವಿಲ್ಲದ್ದು, ಕಾರಣವಿಲ್ಲದೆ ಬಂದೆರಗಿದ್ದು ಆಕಸ್ಮಿಕ. ಬೆಂಕಿಗೆ ಕಾರಣ ಇಲ್ಲದಿರುವುದುಂಟೆ?

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿಕೊಂಡು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಜ್ವಾಲೆಗಿಂತ ಹೊಗೆಯೇ ಮಾರಕವಾಯಿತು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಸತ್ತವರಲ್ಲಿದ್ದರು. ಒಂದು ಡೇರೆ, ಒಂದು ಕಟ್ಟಡ. ಇಂಗ್ಲಿಷ್ ಪದದ ಅಳತೆಗೋಲಿಗೆ ಇವೆರಡೂ ಸಿಗುವುದಿಲ್ಲ. ಬೆಂಕಿ ಎಷ್ಟು ದೂರ ಹಬ್ಬಿತು ಎಂಬುದನ್ನು ಆ ಪದ ಹೇಳುತ್ತದೆಯೇ ಹೊರತು ಹೊರಗೆ ಬರಲು ಬಾಗಿಲು ಎಷ್ಟಿದ್ದವು ಎಂಬುದನ್ನಲ್ಲ.

‘ಯಾವುದರಿಂದ’ ಎಂದು ಕೇಳಿ ಉತ್ತರ ಕಂಡುಕೊಂಡ ನಿದರ್ಶನ ಮೈಸೂರಿನದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮರದ ಅರಮನೆ, ಉಳಿಸಿಕೊಳ್ಳಲು ಆಗಲಿಲ್ಲ. ರೀಜೆಂಟ್ ಆಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದರು. 1912ರಲ್ಲಿ ಅದು ಪೂರ್ಣಗೊಂಡಾಗ ಮರದ ಜಾಗದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ನಿಂತಿದ್ದವು. ದಸರೆಗೆ ಹೋದವರು ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನೇ ಕತ್ತೆತ್ತಿ ನೋಡುತ್ತಾರೆ. ಅದನ್ನು ಹೊತ್ತು ನಿಂತ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದವು.