ಅಮೀರ್‌ಬಾಯಿ ಕರ್ನಾಟಕಿ: ಬಹುಭಾಷಾ ನೆಲದ ಗಾಯಕಿ

ಹಿಂದಿ ಚಿತ್ರಸಂಗೀತದ ಚರಿತ್ರೆಯಲ್ಲಿ ಅಮೀರ್‌ಬಾಯಿ ಕರ್ನಾಟಕಿ ಅವರಿಗೆ ಎತ್ತರದ ಸ್ಥಾನವಿದೆ. ಕರ್ನಾಟಕದ ಸಾಂಸ್ಕೃತಿಕ ಚರಿತ್ರೆ ಮಾತ್ರ ಅವರನ್ನು ಮುಂಬಯಿಗೆ ಹೋದ ಕಲಾವಿದೆಯೆಂದು ಹೇಳಿ ಮುಂದೆ ಸಾಗುತ್ತದೆ. ಅವರ ಗಾಯನ ರೂಪುಗೊಂಡದ್ದು ಇಲ್ಲಿಯದೇ ಬಹುಭಾಷಾ ಬದುಕಿನಲ್ಲಿ ಎಂಬುದು ಈ ಲೇಖನದ ವಾದ.

ಆ ಬದುಕಿನ ಸ್ವರೂಪ ಇಂದಿಗೂ ನಿಚ್ಚಳವಾಗಿರುವುದು ಬೀದರ್ ಸೀಮೆಯಲ್ಲಿ. ಬೀದರ್ ನಗರದಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ಭಾಲ್ಕಿ ಮತ್ತು ಔರಾದ್‌ಗಳಲ್ಲಿ ಮರಾಠಿ ನಿತ್ಯದ ಮಾತಾಗಿವೆ. ಅಮೀರ್‌ಬಾಯಿ ಹುಟ್ಟಿದ ವಿಜಯಪುರ ಸೀಮೆಗೂ ಬೀದರಿಗೂ ಹಳೆಯ ನಂಟಿದೆ: 1619ರಲ್ಲಿ ಬೀದರ್ ವಿಜಯಪುರದ ಆದಿಲಶಾಹಿಗೆ ಸೇರಿತು. ಮುಂದೆ ಬೀದರ್ ನಿಜಾಮರಿಗೂ ವಿಜಯಪುರ ಮುಂಬಯಿ ಪ್ರಾಂತಕ್ಕೂ ಹಂಚಿಹೋಗಿ, 1956ರಲ್ಲಿ ಮತ್ತೆ ಒಂದೇ ರಾಜ್ಯದೊಳಗೆ ಬಂದವು. ಆಡಳಿತಗಳು ಬೇರೆಯಾದರೂ ನುಡಿಗಳ ಈ ಒಡನಾಟ ಎರಡೂ ಕಡೆ ಉಳಿಯಿತು.

ಅಮೀರ್‌ಬಾಯಿ ಹುಟ್ಟಿದ್ದು ಅಂದಿನ ವಿಜಯಪುರ ಜಿಲ್ಲೆಯ ಬೀಳಗಿಯಲ್ಲಿ, ರಂಗಭೂಮಿಯ ನಂಟಿದ್ದ ಮನೆತನದಲ್ಲಿ. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಹೆಸರಾದರು. ಅಮೀರ್‌ಬಾಯಿ ಹಿಂದಿ ಚಿತ್ರರಂಗ ಸೇರಿ ‘ವಿಷ್ಣುಭಕ್ತಿ’ (1934), ‘ನರ್ಸಿ ಭಗತ್’ (1940) ಮೊದಲಾದ ಚಿತ್ರಗಳಲ್ಲಿ ಕಾಣಿಸಿಕೊಂಡರು. ನಟಿಯರು ತಮ್ಮ ಹಾಡನ್ನು ತಾವೇ ಹಾಡುತ್ತಿದ್ದ ಕಾಲ ಅದು.

ಹಿನ್ನೆಲೆ ಗಾಯನ ಬೇರೂರಿದಂತೆ ಅವರ ದಾರಿ ತೆರೆಯಿತು. 1943ರ ‘ಕಿಸ್ಮತ್’ನಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ಅವರು ದನಿಯಾದರು, ಸಂಗೀತ ಅನಿಲ್ ಬಿಸ್ವಾಸ್ ಅವರದು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರುವ ಮುನ್ನವೇ ಬಂದ ಅದರ ದೇಶಭಕ್ತಿಯ ಗೀತೆಯಲ್ಲೂ ಅವರ ಕಂಠವಿತ್ತು. ಕಲ್ಕತ್ತೆಯ ರಾಕ್ಸಿಯಲ್ಲಿ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ನೌಶಾದರ ‘ರತನ್’ (1944) ಈ ಕೀರ್ತಿಯನ್ನು ಗಟ್ಟಿಗೊಳಿಸಿತು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಹೆಂಗಸರು ಸಂಗೀತ ನಿರ್ದೇಶಕರಾಗುವುದು ತೀರ ಅಪರೂಪವಾಗಿದ್ದ ದಿನಗಳಲ್ಲಿ ಇದು ದೊಡ್ಡ ಸಾಧನೆ.

ರಾಜಧಾನಿಯಿಂದ ದೂರದ ಊರುಗಳ ಹೆಣ್ಣುಮಕ್ಕಳಿಗೆ ಗ್ರಾಮಫೋನು ದಾರಿಮಾಡಿಕೊಟ್ಟ ಯುಗವದು. ಜಪಾನಿನ ಉತ್ತರ ಭಾಗದ ಅಓಮೊರಿಯಲ್ಲಿ 1907ರಲ್ಲಿ ಹುಟ್ಟಿದ ಗಾಯಕಿ ಅವಾಯಾ ನೊರಿಕೊ ಟೋಕಿಯೋದಲ್ಲಿ ಪಾಶ್ಚಾತ್ಯ ಸಂಗೀತ ಕಲಿತು, 1937ರ ‘ವಕಾರೆ ನೊ ಬ್ಲೂಸ್’ ಮೂಲಕ ಮನೆಮಾತಾದರು. ಅಮೀರ್‌ಬಾಯಿಯವರ ಬಂಡವಾಳ ಬೇರೆ: ಉರ್ದುವಿನ ಗಜಲು, ಕವ್ವಾಲಿಗೆ ಬೇಕಾದ ಉಚ್ಚಾರ ಮತ್ತು ನಾಟಕದ ಹಾಡಿನ ಭಾವ. ಎರಡೂ ಅವರಿಗೆ ಹುಟ್ಟಿದ ನೆಲದಲ್ಲೇ ದಕ್ಕುವಂತಿದ್ದವು.

1949ರ ‘ಮಹಲ್’ ನಂತರ ಲತಾ ಮಂಗೇಶ್ಕರರ ಎತ್ತರದ ಶ್ರುತಿಯ ಕಂಠ ಮಾದರಿಯಾಯಿತು. ಅಮೀರ್‌ಬಾಯಿಯವರಿಗೆ ಹಾಡುಗಳು ಕಡಿಮೆಯಾಗಿ, ಪೋಷಕ ಪಾತ್ರಗಳು ಉಳಿದವು. 1965ರ ಮಾರ್ಚ್ 3ರಂದು ಅವರು ತೀರಿಕೊಂಡರು.

ಲೇಖಕ ರಹಮತ್ ತರೀಕೆರೆ ಅಮೀರ್‌ಬಾಯಿಯವರ ಜೀವನವನ್ನು ಕನ್ನಡದಲ್ಲಿ ಪುಸ್ತಕವಾಗಿಸಿದರು. ಆ ಕೆಲಸ ಇನ್ನೂ ಬೆಳೆಯಬೇಕು. ಕನ್ನಡದಲ್ಲಿ ಹಾಡಿದ್ದನ್ನಷ್ಟೇ ಕನ್ನಡ ನಾಡಿನ ಸಂಗೀತವೆಂದು ಎಣಿಸಿದರೆ ಅಮೀರ್‌ಬಾಯಿ ಹೊರಗುಳಿಯುತ್ತಾರೆ. ಔರಾದಿನ ಮರಾಠಿ ಅಭಂಗ, ಬೀದರಿನ ಉರ್ದು ಕವ್ವಾಲಿಗಳೂ ಹೊರಗುಳಿಯುತ್ತವೆ. ನಾಡಿನ ಸಂಗೀತ ಚರಿತ್ರೆ ಇವೆಲ್ಲವನ್ನೂ ತನ್ನದೆಂದು ಬರೆದುಕೊಳ್ಳಬೇಕು.