ಹೊಗೆಗೆ ಮಿತಿ ಹಾಕಿದ ನೆರೆಹೊರೆಯ ರಾಜ್ಯಗಳು



ಗಡಿಯಲ್ಲಿ ಬದುಕುವ ನಮಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೆಕ್‌ಪೋಸ್ಟ್ ಲಾರಿಯನ್ನು ನಿಲ್ಲಿಸುತ್ತದೆ, ಗಾಳಿಯನ್ನಲ್ಲ. ಒಂದು ರಾಜ್ಯದ ವಿದ್ಯುತ್ ಸ್ಥಾವರದ ಹೊಗೆ ಪಕ್ಕದ ರಾಜ್ಯದ ಆಕಾಶಕ್ಕೂ ಸೇರುತ್ತದೆ. ಹಾಗಾದರೆ ಅದನ್ನು ಕಡಿಮೆ ಮಾಡುವ ಹೊಣೆ ಯಾರದು? ದೇಶದ ಸರಕಾರ ಮುಂದೆ ಬಾರದಿದ್ದರೆ ರಾಜ್ಯಗಳು ತಾವೇ ಏನಾದರೂ ಮಾಡಬಹುದೇ? ಅಮೆರಿಕದ ಈಶಾನ್ಯ ಭಾಗದ ಕೆಲವು ರಾಜ್ಯಗಳು ಈ ಪ್ರಶ್ನೆಗೆ ಕೊಟ್ಟ ಉತ್ತರದ ಚರಿತ್ರೆಯನ್ನು ಈ ಸಲ ನಾವು ನೋಡೋಣ.

ಆ ಭಾಗದ ಜನ ಹೊಗೆಯ ಪೆಟ್ಟು ತಿಂದವರು. ದೂರದ ಓಹಾಯೋ ಕಣಿವೆಯ ಕಲ್ಲಿದ್ದಲು ಸ್ಥಾವರಗಳಿಂದ ಬಂದ ಗಂಧಕದ ಹೊಗೆ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ಮೇಲೆ ಆಮ್ಲಮಳೆಯಾಗಿ ಸುರಿದು, ಅಲ್ಲಿನ ಎಷ್ಟೋ ಕೆರೆಗಳಲ್ಲಿ ಮೀನೇ ಇಲ್ಲದಂತಾಯಿತು. 1990ರಲ್ಲಿ ಅಮೆರಿಕ ಅದಕ್ಕೊಂದು ಕಾನೂನು ತಂದಿತು. ಎಲ್ಲ ಸ್ಥಾವರಗಳೂ ಸೇರಿ ಬಿಡಬಹುದಾದ ಗಂಧಕದ ಡೈಆಕ್ಸೈಡ್‌ಗೆ ಒಂದು ಒಟ್ಟು ಮಿತಿ. ಆ ಮಿತಿಯೊಳಗೆ ಟನ್ನಿಗೊಂದು ಪರವಾನಗಿ. ಕಡಿಮೆ ಹೊಗೆ ಬಿಟ್ಟವನು ತನ್ನಲ್ಲಿ ಉಳಿದ ಪರವಾನಗಿಯನ್ನು ಹೆಚ್ಚು ಬಿಟ್ಟವನಿಗೆ ಮಾರಬಹುದು. ಇದನ್ನೇ ‘ಕ್ಯಾಪ್ ಆಂಡ್ ಟ್ರೇಡ್’ ಎನ್ನುತ್ತಾರೆ. ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ ಆ ಹೊಗೆ ಇಳಿಯಿತು. 2010ರ ಹೊತ್ತಿಗೆ ಅರ್ಧಕ್ಕಿಂತಲೂ ಕೆಳಗೆ ಬಂದಿತ್ತು.

ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್‌ಗೂ ಇದೇ ದಾರಿ ಹಿಡಿಯಬಹುದಿತ್ತು. ಆದರೆ 2001ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಕ್ಯೋಟೋ ಒಪ್ಪಂದದಿಂದ ಹಿಂದೆ ಸರಿದರು. ಎರಡು ವರ್ಷಗಳ ಬಳಿಕ, 2003ರಲ್ಲಿ, ಅವರದೇ ರಿಪಬ್ಲಿಕನ್ ಪಕ್ಷದವರಾದ ನ್ಯೂಯಾರ್ಕ್ ಗವರ್ನರ್ ಜಾರ್ಜ್ ಪಟಾಕಿ ನೆರೆಯ ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದು, ನಾವೇ ಒಟ್ಟಾಗಿ ಮಾಡೋಣ ಎಂದು ಕರೆದರು. ಮಾತುಕತೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಹಿ ಹಾಕುವ ಹೊತ್ತಿಗೆ ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್ ಹೊರಗುಳಿದವು. ಆದರೂ 2005ರ ಡಿಸೆಂಬರ್ 20ರಂದು ಏಳು ರಾಜ್ಯಗಳು ಒಪ್ಪಂದಕ್ಕೆ ಬಂದವು. 2007ರಲ್ಲಿ ಆ ಎರಡು ರಾಜ್ಯಗಳೂ ಜೊತೆಗೆ ಮೇರಿಲ್ಯಾಂಡ್ ಕೂಡ ಬಂದು ಸೇರಿ ಹತ್ತಾಯಿತು. ಈ ಕೂಟಕ್ಕೆ ‘ರೀಜನಲ್ ಗ್ರೀನ್‌ಹೌಸ್ ಗ್ಯಾಸ್ ಇನಿಶಿಯೇಟಿವ್’ ಎಂದು ಹೆಸರು. ಚಿಕ್ಕದಾಗಿ ‘ರೆಜಿ’ ಎನ್ನುತ್ತಾರೆ.

ರೆಜಿಯ ನಿಯಮ 25 ಮೆಗಾವಾಟ್ ಅಥವಾ ಅದಕ್ಕೂ ದೊಡ್ಡದಾದ, ಕಲ್ಲಿದ್ದಲು, ಎಣ್ಣೆ, ಅನಿಲ ಉರಿಸುವ ಸ್ಥಾವರಗಳಿಗೆ ಅನ್ವಯಿಸುತ್ತದೆ. ಅವು ತಾವು ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಪರವಾನಗಿ ಒಪ್ಪಿಸಬೇಕು. ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಗಂಧಕದ ವಿಷಯದಲ್ಲಿ ಹೆಚ್ಚಿನ ಪರವಾನಗಿಗಳನ್ನು ಕಂಪೆನಿಗಳಿಗೆ ಪುಕ್ಕಟೆ ಹಂಚಲಾಗಿತ್ತು. ರೆಜಿ ರಾಜ್ಯಗಳು ಬಹುಪಾಲು ಪರವಾನಗಿಗಳನ್ನು ಹರಾಜು ಹಾಕಿದವು. ಆಕಾಶ ಎಲ್ಲರ ಸೊತ್ತು. ಅದನ್ನು ಬಳಸುವವನು ಬೆಲೆ ಕೊಡಲಿ ಎಂಬುದು ಇದರ ಹಿಂದಿನ ವಿಚಾರ. 2008ರ ಸೆಪ್ಟೆಂಬರ್‌ನಲ್ಲಿ ಮೊದಲ ಹರಾಜು ನಡೆಯಿತು. ಟನ್ನಿಗೆ 3.07 ಡಾಲರ್ ಬಂತು. 2009ರ ಜನವರಿ 1ರಿಂದ ನಿಯಮ ಜಾರಿಯಾಯಿತು.

ಆದರೆ ಬೇಗನೆ ಒಂದು ತೊಡಕು ಕಾಣಿಸಿತು. ವರ್ಷಕ್ಕೆ 18.8 ಕೋಟಿ ಟನ್ ಎಂದು ಹಾಕಿದ್ದ ಮಿತಿ ತೀರ ಸಡಿಲವಾಗಿತ್ತು. ಆರ್ಥಿಕ ಹಿಂಜರಿತ ಬಂತು, ಅಗ್ಗದ ಅನಿಲ ಬಂತು, ಹೊಗೆ ತಾನಾಗಿಯೇ ಮಿತಿಗಿಂತ ಬಹಳ ಕೆಳಗಿಳಿಯಿತು. ಪರವಾನಗಿ ಕೇಳುವವರಿಲ್ಲದೆ 2010ರ ಕೊನೆಗೆ ಬೆಲೆ 1.86 ಡಾಲರಿಗೆ, ಅಂದರೆ ಹರಾಜಿನ ಕನಿಷ್ಠ ದರಕ್ಕೆ ಕುಸಿಯಿತು. ಬಾವಿಯಲ್ಲಿ ಹತ್ತು ಕೊಡ ನೀರಿರುವಾಗ ಇಪ್ಪತ್ತು ಕೊಡಕ್ಕೆ ಚೀಟಿ ಹಂಚಿದರೆ ಆ ಚೀಟಿಗೆ ಏನು ಬೆಲೆ? ರಾಜ್ಯಗಳು ಮತ್ತೆ ಕುಳಿತು ಲೆಕ್ಕ ಹಾಕಿ, 16.5 ಕೋಟಿಗೆ ಬಂದಿದ್ದ ಮಿತಿಯನ್ನು 2014ರಲ್ಲಿ 9.1 ಕೋಟಿ ಟನ್ನಿಗೆ ಇಳಿಸಿದವು. ಆಮೇಲೆ 2020ರವರೆಗೆ ವರ್ಷಕ್ಕೆ ಶೇಕಡಾ 2.5ರಂತೆ ಇಳಿಸುತ್ತ ಹೋದವು. ರೆಜಿಯ ಚರಿತ್ರೆಯಲ್ಲಿ ನಮಗೆ ಅತಿ ದೊಡ್ಡದೆನಿಸುವುದು ಈ ಹೆಜ್ಜೆಯೇ. ಸಂತೆ ತಾನಾಗಿ ಏನನ್ನೂ ಉಳಿಸುವುದಿಲ್ಲ. ಉಳಿಸುವುದು ಮಿತಿ, ಅದನ್ನು ಬಿಗಿ ಮಾಡುವ ಮನಸ್ಸು.

ಹರಾಜಿನಿಂದ ಈವರೆಗೆ 700 ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿದೆ. ಹೆಚ್ಚಿನದು ಮನೆಗಳ ವಿದ್ಯುತ್ ಉಳಿತಾಯಕ್ಕೆ, ಬಡವರ ಬಿಲ್ಲಿನ ನೆರವಿಗೆ, ಸೌರಶಕ್ತಿಗೆ ಹೋಯಿತು. ಆದರೆ ಬಜೆಟ್ ಬಿಗಿಯಾದಾಗ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಸರಕಾರಗಳು ಇದೇ ಹಣದಿಂದ ಖಜಾನೆಯ ತೂತು ಮುಚ್ಚಿದವು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅಲ್ಲಿಯೂ ಉಂಟು.

ಒಗ್ಗಟ್ಟೂ ಸುಲಭವಾಗಿ ಉಳಿಯಲಿಲ್ಲ. ನ್ಯೂಜೆರ್ಸಿ 2011ರ ಕೊನೆಗೆ ಹೊರಬಿದ್ದು, 2020ರಲ್ಲಿ ಮರಳಿತು. ವರ್ಜೀನಿಯಾ 2021ರಲ್ಲಿ ಸೇರಿ, ಪ್ರವಾಹ ತಡೆಯುವ ಕೆಲಸಗಳಿಗೂ ಈ ಹಣ ಬಳಸಿತು. ಇದು ವಿದ್ಯುತ್ ಬಿಲ್ಲಿನಲ್ಲಿ ಅಡಗಿರುವ ತೆರಿಗೆ ಎಂದ ಹೊಸ ಗವರ್ನರ್ 2023ರ ಕೊನೆಗೆ ರಾಜ್ಯವನ್ನು ಹೊರತಂದರು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸ್ಥಾವರ ಕೊಟ್ಟ ಬೆಲೆ ಕೊನೆಗೆ ಬಡವರ ಬಿಲ್ಲಿಗೂ ಬರುತ್ತದೆ. ಹಾಗಾಗಿ ಹರಾಜಿನ ಹಣ ಬಡವರ ಮನೆಗೆ ಮರಳುತ್ತದೋ ಇಲ್ಲವೋ ಎಂಬುದೇ ಇಲ್ಲಿ ನ್ಯಾಯದ ಪ್ರಶ್ನೆ.

2005ರಿಂದೀಚೆಗೆ ಆ ರಾಜ್ಯಗಳ ವಿದ್ಯುತ್ ಸ್ಥಾವರಗಳ ಇಂಗಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಎಲ್ಲ ಶ್ರೇಯ ರೆಜಿಗೇ ಕೊಡಲಾಗದು. ಅಗ್ಗದ ಅನಿಲದ ಪಾಲೂ ದೊಡ್ಡದು. ಹೊರಗಿನ ರಾಜ್ಯದಿಂದ ಕಲ್ಲಿದ್ದಲಿನ ವಿದ್ಯುತ್ ತರಿಸಿಕೊಂಡರೆ ಹೊಗೆ ಜಾಗ ಬದಲಿಸಿತೇ ಹೊರತು ಇಳಿಯಲಿಲ್ಲ ಎಂಬ ಟೀಕೆಯೂ ಇದೆ. ಇಂಗಾಲದ ವ್ಯಾಪಾರ ಸಟ್ಟಾ ಆಗಿಬಿಡಬಹುದು, ಹೆಚ್ಚು ಬಳಸುವವರಿಗೆ ನೆಪವಾಗಬಹುದು ಎಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೋ ಸೀ’ ಪತ್ರದಲ್ಲಿ ಎಚ್ಚರಿಸಿದ್ದರು. ಮಿತಿ ಸಡಿಲವಾಗಿದ್ದ ಆ ಮೊದಲ ವರ್ಷಗಳನ್ನು ನೋಡಿದರೆ ಆ ಎಚ್ಚರಿಕೆ ಎಷ್ಟು ಅಗತ್ಯವೆಂದು ತಿಳಿಯುತ್ತದೆ.

ಈ ವಿಧಾನ ಈಗ ನಮ್ಮ ದೇಶಕ್ಕೂ ಬಂದಿದೆ. 2019ರಲ್ಲಿ ಸೂರತ್‌ನಲ್ಲಿ ಕಾರ್ಖಾನೆಗಳ ಹೊಗೆಯ ಕಣಗಳಿಗೆ ಇಂಥದೇ ಮಿತಿ ಹಾಕಿ ನೋಡಿದರು. 2023ರಲ್ಲಿ ಕೇಂದ್ರ ಸರಕಾರ ಇಂಗಾಲದ ವ್ಯಾಪಾರಕ್ಕೆ ನಿಯಮಗಳನ್ನು ಪ್ರಕಟಿಸಿತು. ನಾಳೆ ಇದರ ಸುದ್ದಿ ಓದುವಾಗ ನಾವು ಎರಡು ಪ್ರಶ್ನೆ ಕೇಳೋಣ: ಮಿತಿ ನಿಜವಾಗಿಯೂ ಬಿಗಿಯಾಗಿದೆಯೇ? ಬಂದ ಹಣ ಯಾರ ಮನೆ ಸೇರುತ್ತದೆ?